ಬಲಗಾಲಿನ ಅಳತೆ

"ಬಲಗಾಲಿನ ಶೂ ಬಿಚ್ಚಿ."

ಕಾರು ತೋರಿಸಲು ಬಂದವಳಿಗೆ ಯಾವ ಮೆಕ್ಯಾನಿಕ್ ಹೀಗೆ ಹೇಳುತ್ತಾನೆ? ಅವಳು ಅವನನ್ನೇ ದುರುಗುಟ್ಟಿ ನೋಡಿದಳು.

"ತೊಂದರೆ ಇರೋದು ಕಾರಲ್ಲಿ. ನನ್ನ ಕಾಲಲ್ಲಲ್ಲ."

"ಎರಡರ ಮಧ್ಯೆ ಇದೆ," ಎಂದ ಅವನು, ನಗದೆ.

ಕೋಪ ಅವಳ ಮೂಗಿನ ತುದಿಯಲ್ಲೇ ಇರುತ್ತದೆ. ಆದರೂ ಬಿಚ್ಚಿದಳು. ಅವನು ನೆಲಕ್ಕೆ ರಟ್ಟು ಹಾಸಿ, ಅದರ ಮೇಲೆ ಅವಳು ಇಟ್ಟ ಪಾದದ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದ. ಗ್ರೀಸ್ ಹಿಡಿದ ಆ ಕೈ ಅವಳ ಕಾಲಿಗೆ ಒಮ್ಮೆಯೂ ತಗಲಲಿಲ್ಲ. ತಗಲದಂತೆ ಅವನು ಎಷ್ಟು ಜೋಪಾನವಾಗಿದ್ದ ಎಂಬುದನ್ನು ಅವಳು ಗಮನಿಸಿದಳು.

"ಈ ರಟ್ಟನ್ನ ಏನು ಮಾಡ್ತೀರಿ?"

"ಕೆಲಸ ಮುಗಿದ ಮೇಲೆ ಎಸೀತೀನಿ."

ಆ ಸ್ಪೋರ್ಟ್ಸ್ ಕಾರು ಅವಳ ಅಣ್ಣನದು. ಕಾಯಿಲೆಯಲ್ಲಿ ಅವನು ತೀರಿಕೊಂಡು ಒಂದು ವರ್ಷವಾಗಿತ್ತು. ಹೋದ ವಾರ ಗುಡ್ಡದ ತಿರುವಿನಲ್ಲಿ ಅವಳು ಬ್ರೇಕ್ ಒತ್ತಿ, ಮೂರರಿಂದ ಎರಡನೇ ಗೇರಿಗೆ ಇಳಿಸಿ ಕ್ಲಚ್ ಬಿಟ್ಟಾಗ ಕಾರಿನ ಹಿಂಭಾಗ ಪಕ್ಕಕ್ಕೆ ಜಾರಿತ್ತು. ಪಕ್ಕದಲ್ಲಿದ್ದ ಅಪ್ಪನ ಮುಖ ಬಿಳುಚಿಕೊಂಡಿತ್ತು.

"ಭಾನುವಾರ ಇನ್ನೊಂದು ಸಲ ಕೂರ್ತೀನಿ ಮಗಳೇ. ಆಗಲೂ ಹೀಗೇ ಆದ್ರೆ ಕಾರು ಮಾರಿಬಿಡೋಣ. ಇನ್ನೊಂದು ಮಗೂನ ಕಳ್ಕೊಳ್ಳೋ ಶಕ್ತಿ ನನಗಿಲ್ಲ."

ಇವತ್ತು ಆಗಲೇ ಗುರುವಾರ...

ಅವನು ಕಾರಿನ ಬಾಗಿಲ ಬಳಿ ಕೂತು ತೋರಿಸಿದ. "ಬ್ರೇಕ್ ಒತ್ತಿರೋ ಕಾಲಲ್ಲೇ ಆಕ್ಸಿಲರೇಟರ್ ಕೂಡ ಒಂದು ಸಲ ತಟ್ಟಬೇಕು. ಹೆಬ್ಬೆರಳಿನ ಬುಡ ಬ್ರೇಕ್ ಮೇಲೆ, ಪಾದದ ಬಲ ಅಂಚು ಆಕ್ಸಿಲರೇಟರ್ ಮೇಲೆ. ಆಗ ಎಂಜಿನ್ ವೇಗ ಕೆಳಗಿನ ಗೇರಿಗೆ ಹೊಂದ್ಕೊಳ್ಳುತ್ತೆ. ಕ್ಲಚ್ ಬಿಟ್ಟಾಗ ಚಕ್ರ ಜಗ್ಗಲ್ಲ."

"ನನಗೆ ಗೊತ್ತು. ಒಂದು ವರ್ಷದಿಂದ ಅದನ್ನೇ ಮಾಡೋಕೆ ನೋಡ್ತಿದ್ದೀನಿ. ಕಾಲು ಎಟಕಲ್ಲ."

"ನಿಮ್ಮಣ್ಣನ ಪಾದ ಅಗಲ. ಅವನಿಗೆ ಸರಿಯಾಗಿ ನಾನೇ ಆಕ್ಸಿಲರೇಟರ್ ಪೆಡಲ್ ಕೂರಿಸಿದ್ದೆ. ನಿಮಗೆ ಅಂತರ ಜಾಸ್ತಿ ಆಗುತ್ತೆ."

"ಬೇರೆ ಏನು ಬೇಕಾದ್ರೂ ಮಾಡಿ. ಅಣ್ಣನ ಪೆಡಲ್ ಮಾತ್ರ ತೆಗೀಬೇಡಿ..." ಅವಳ ಕಣ್ಣಲ್ಲಿ ನೀರಾಡಿತು. ಆ ಪೆಡಲಿನ ಎಡ ಅಂಚಿನ ರಬ್ಬರ್, ಅಣ್ಣನ ಶೂ ಉಜ್ಜಿ ಉಜ್ಜಿ ನುಣುಪಾಗಿತ್ತು. ಅವನು ಬಿಟ್ಟುಹೋದ ಗುರುತು ಅದೊಂದೇ ಎಂದು ಅವಳಿಗೆ ಅನಿಸುತ್ತಿತ್ತು.

"ತೆಗೆಯಲ್ಲ," ಎಂದ ಅವನು.

ಶನಿವಾರ ಕಾರಿನ ಬಾಗಿಲು ತೆಗೆದವಳು ಹಾಗೇ ನಿಂತುಬಿಟ್ಟಳು. ಅಣ್ಣನ ಪೆಡಲ್ ಇದ್ದ ಜಾಗದಲ್ಲಿ ಹೊಸ ಅಲ್ಯೂಮಿನಿಯಂ ತಗಡು ಹೊಳೆಯುತ್ತಿತ್ತು.

"ಮಾತು ಕೊಟ್ಟಿದ್ರಿ!"

"ಒಂದು ನಿಮಿಷ ಕೇಳಿ..."

"ಏನು ಕೇಳೋದು? ಅಣ್ಣ ನಿಮ್ಮನ್ನ ಸ್ನೇಹಿತ ಅಂದ್ಕೊಂಡಿದ್ದ."

ಕಾರು ಹೊರಟೇ ಹೋಯಿತು. ಒರೆಸುವ ಬಟ್ಟೆ ಕೈಯಲ್ಲಿ ಹಿಡಿದು ಅವನು ಬಹಳ ಹೊತ್ತು ಅಲ್ಲೇ ನಿಂತಿದ್ದ.

ಮನೆ ಮುಂದೆ ಕಾರು ನಿಲ್ಲಿಸಿದವಳೇ ಅವಳು ಸ್ಪ್ಯಾನರ್ ಹಿಡಿದು ಮಂಡಿಯೂರಿ ಕೂತಳು. ಎರಡೇ ಬೋಲ್ಟು. ಬಿಚ್ಚಿದ ಕೂಡಲೇ ತಗಡು ಕೈಗೆ ಬಂತು.

ಅದರ ಕೆಳಗೆ... ಅಣ್ಣನ ಪೆಡಲ್.

ಅದೇ ನುಣುಪು ಅಂಚು. ಒಂದು ತೂತೂ ಕೊರೆದಿರಲಿಲ್ಲ, ಒಂದು ಗೀರೂ ಬಿದ್ದಿರಲಿಲ್ಲ. ತಗಡು ಉಜ್ಜದಿರಲೆಂದು ನಡುವೆ ಮೆತ್ತನೆಯ ತೊಗಲಿನ ತುಂಡು ಇಟ್ಟು, ಸುತ್ತಲಿಂದ ಬಿಗಿದಿದ್ದ. ತಗಡು ಬ್ರೇಕಿನ ಕಡೆಗೆ ಎರಡು ಬೆರಳಿನಷ್ಟು ಚಾಚಿಕೊಂಡಿತ್ತು, ಅಷ್ಟೇ.

'ಛೇ, ಎಂಥ ಮಾತಾಡಿಬಿಟ್ಟೆ...' ಅವಳು ಸೀಟಿಗೆ ತಲೆಯಿಟ್ಟು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, ತಗಡನ್ನು ಇದ್ದ ಹಾಗೇ ಬಿಗಿದು, ಖಾಲಿ ಮೈದಾನದಲ್ಲಿ ಸಂಜೆಯವರೆಗೂ ಅಭ್ಯಾಸ ಮಾಡಿದಳು.

ಭಾನುವಾರ. ಅದೇ ತಿರುವು. ಅಪ್ಪ ಬಾಗಿಲ ಹಿಡಿಯನ್ನು ಗಟ್ಟಿಯಾಗಿ ಹಿಡಿದಿದ್ದರು. ಅವಳು ಬ್ರೇಕ್ ಒತ್ತಿದಳು, ಕ್ಲಚ್ ತುಳಿದಳು, ಪಾದದ ಅಂಚಿನಿಂದ ಆಕ್ಸಿಲರೇಟರ್ ತಟ್ಟಿದಳು. ಎಂಜಿನ್ ಒಮ್ಮೆ ಗುಡುಗಿತು. ಎರಡನೇ ಗೇರು. ಕಾರು ಒಂದಿಷ್ಟೂ ಜಾರದೆ ತಿರುಗಿತು.

ಅಪ್ಪ ಹಿಡಿ ಬಿಟ್ಟರು. "ನಿನ್ನಣ್ಣ ಮನೆಗೆ ಬರುವಾಗ್ಲೂ ಇದೇ ಸದ್ದು ಕೇಳ್ತಿತ್ತು," ಎಂದು ಕಿಟಕಿಯತ್ತ ಮುಖ ತಿರುಗಿಸಿದರು. "ಕಾರು ಇರಲಿ ಮಗಳೇ."

ಅಪ್ಪನನ್ನು ಮನೆಗೆ ಬಿಟ್ಟು ಅವಳು ಸೀದಾ ವರ್ಕ್‌ಶಾಪಿಗೆ ಹೋದಳು. ಅವನು ಒಬ್ಬನೇ ಇದ್ದ. ಅವನ ಹಿಂದಿನ ಗೋಡೆಯ ಮೇಲೆ ಎರಡು ರಟ್ಟು ತೂಗುತ್ತಿದ್ದವು. ಒಂದು ಅಗಲವಾದ ಪಾದ, ಇನ್ನೊಂದು ಚಿಕ್ಕದು.

"ತಪ್ಪಾಯ್ತು. ಕೇಳಿಸಿಕೊಳ್ಳದೆ ಬಯ್ದುಬಿಟ್ಟೆ."

"ನಾನೂ ಮೊದಲೇ ಹೇಳಬೇಕಿತ್ತು. ಅವತ್ತು ನಿಮ್ಮ ಕಣ್ಣಲ್ಲಿ ನೀರು ನೋಡಿ, ತೆಗೆಯಲ್ಲ ಅಂತಷ್ಟೇ ಹೇಳಿಬಿಟ್ಟೆ."

ಅವಳು ಗೋಡೆ ನೋಡಿದಳು. "ಅಣ್ಣನದು ಇನ್ನೂ ಇಟ್ಟಿದ್ದೀರಾ..."

"ಅವನು ಹೋದ ಮೇಲೆ ಎಸೆಯೋಕೆ ಮನಸ್ಸು ಬರಲಿಲ್ಲ."

"ನನ್ನದು? ಎಸೀತೀನಿ ಅಂದಿದ್ರಿ."

ಅವನು ತಲೆ ತಗ್ಗಿಸಿದ. "ನೀವು ಇನ್ನು ಈ ಕಡೆ ಬರಲ್ಲ ಅಂದ್ಕೊಂಡೆ. ಇದಾದ್ರೂ ನನ್ನ ಹತ್ರ ಇರಲಿ ಅಂತ..."

ಅವಳು ಸ್ಟೂಲಿನ ಮೇಲೆ ಕೂತು, ಎಡಗಾಲಿನ ಶೂ ಬಿಚ್ಚತೊಡಗಿದಳು.

"ಕ್ಲಚ್ಚಿಗೆ ಅಳತೆ ಬೇಕಾಗಲ್ಲ," ಎಂದ ಅವನು ಮೆಲ್ಲಗೆ.

"ಗೊತ್ತು. ಆದ್ರೂ ತಗೋ."

ಅವನು ಕೈ ಒರೆಸಿಕೊಂಡು, ಹೊಸ ರಟ್ಟು ಹಾಸಿದ. ಈ ಸಲ ಅವನ ಬೆರಳು ಪಾದಕ್ಕೆ ತಗಲಿತು. ಅವಳು ಕಾಲು ಎಳೆದುಕೊಳ್ಳಲಿಲ್ಲ.

"ಇದನ್ನ ಎಸೀತೀಯಾ?"

"ಇಲ್ಲ," ಎಂದ ಅವನು. "ಕೆಲಸ ಇನ್ನೂ ಮುಗಿದಿಲ್ಲ."