ಇಂಗು ಬೆರೆಸಿದ ಹಿಟ್ಟು

ಕಮಲಿನಿ ನೀರಿಗೆಂದು ಹೊಳೆಯ ಬಾಯಿಗೆ ಇಳಿದಾಗ ಆ ಮನುಷ್ಯ ಮೊಣಕಾಲುದ್ದ ನೀರಿನಲ್ಲಿ ಬಗ್ಗಿ ನಿಂತಿದ್ದ. ಅವನ ಎರಡು ಅಂಗೈಗಳ ನಡುವೆ ಒಂದು ಮೀನು ಬೆಳ್ಳಗೆ ಹೊಳೆಯಿತು. ಮರುಗಳಿಗೆ ಅದು ಅಲ್ಲಿರಲಿಲ್ಲ.

"ಅಯ್ಯೋ ಪಾಪ, ತಪ್ಪಿಸ್ಕೊಂಡ್ಬಿಡ್ತು," ಎಂದಳು. ಪಾಪ ಎಂದದ್ದು ಅವನಿಗೋ ಮೀನಿಗೋ, ಅವಳಿಗೇ ಗೊತ್ತಿರಲಿಲ್ಲ.

ಅವನು ತಿರುಗಿ ನೋಡಿದ. "ತಪ್ಪಿಸ್ಕೊಳ್ಳಲಿಲ್ಲ. ನಾನೇ ಬಿಟ್ಟೆ."

"ಚಿಕ್ಕದೇನೋ."

"ದೊಡ್ಡದೇ. ಓಲೆ ಹಾಕಿ ಕಳಿಸ್ದೆ." ಅವನು ಜೇಬಿನಿಂದ ಒಂದು ತಗಡಿನ ಚೂರು ತೆಗೆದು ತೋರಿಸಿದ. ಬೇಳೆಯಷ್ಟೇ ಇತ್ತು. "ರೆಕ್ಕೆಗೆ ಸಿಕ್ಕಿಸ್ತೀವಿ. ಮುಂದೆ ಎಲ್ಲಾದ್ರೂ ಸಿಕ್ರೆ, ಎಷ್ಟು ದೂರ ಹೋಯ್ತು, ಎಷ್ಟು ಬೆಳೀತು ಅಂತ ತಿಳಿಯತ್ತೆ."

ಕಮಲಿನಿಯ ಕೈ ತನ್ನ ಕಿವಿಯ ಓಲೆಯ ಕಡೆಗೆ ಹೋಯಿತು. ಅವನು ಅದನ್ನು ಕಂಡ. ಕಂಡದ್ದು ಅವಳಿಗೂ ತಿಳಿಯಿತು. ಕೊಡ ಅರ್ಧ ತುಂಬುವ ಮೊದಲೇ ಅವಳು ದಡ ಹತ್ತಿಬಿಟ್ಟಳು.

ಅವನ ಹೆಸರು ಪುರಂದರ. ಅಣ್ಣ ಸೇತುಮಾಧವನ ಜೊತೆ ಸೇಲಂನಲ್ಲಿ ಓದಿದವನು. ಈಗ ಮೆಟ್ಟೂರಿನ ಮೀನುಗಾರಿಕೆ ಆಫೀಸಿನಲ್ಲಿ ಕೆಲಸ. ಕ್ರಿಸ್‌ಮಸ್ ರಜಕ್ಕೆ ಡೇರೆ ಹಾಕಿಕೊಂಡು ನಾಲ್ಕು ದಿನ ಇರೋಣವೆಂದು ಸೇತು ಹಟ ಹಿಡಿದಾಗ, ನಾಗಾವತಿ ಹೊಳೆ ಕಾವೇರಿಯ ಅಣೆಕಟ್ಟಿನ ಹಿನ್ನೀರಿಗೆ ಸೇರುವ ಈ ಜಾಗ ತೋರಿಸಿದವನು ಅವನೇ. ಸಮುದ್ರವಿಲ್ಲದ ಊರಿನ ಅಳಿವೆ ಎಂದು ಅವನು ಇದನ್ನು ಕರೆಯುತ್ತಿದ್ದ. ಓಡಿಬಂದ ಹೊಳೆ ಇಲ್ಲಿ ಒಮ್ಮೆಗೇ ಸದ್ದಡಗಿಸಿ ಅಗಲವಾಗುತ್ತಿತ್ತು.

ಆದರೆ ಊಟಕ್ಕೆ ಮಾತ್ರ ಅವನ ಎಲೆ ಡೇರೆಯ ಹೊರಗೆ, ಹುಣಸೆಮರದ ಕೆಳಗೆ. ಜೊತೆಗೆ ಬಂದಿದ್ದ ಸೋದರತ್ತೆ ಭಾಮಾ ಅವರ ಏರ್ಪಾಡು ಅದು.

"ನಮ್ಮ ಜನವೇ ಅತ್ತೆ. ನಿತ್ಯ ಸಂಧ್ಯಾವಂದನೆ ಮಾಡೋನು," ಎಂದ ಸೇತು.

"ಸಂಧ್ಯಾವಂದನೆ ಮಾಡಿದ ಕೈಯಲ್ಲೇ ಗಾಳ ಹಿಡೀತಾನಲ್ಲ. ಮೀನಿನ ಆಫೀಸು, ಮೀನಿನ ಸಂಬಳ. ಮನೇಲಿ ಏನು ಬೇಯಿಸ್ತಾನೋ ನಾನು ಕಂಡಿಲ್ಲಪ್ಪ. ಇರುಕ್ಕಟ್ಟುಂ, ಹೊರಗೇ ಇರಲಿ."

ಪುರಂದರ ಮರದಡಿ ಕೂತು ಉಂಡ. ಬಡಿಸಲು ಹೋಗುವವಳು ಕಮಲಿನಿ. ಅವಳು ಬಗ್ಗಿದಾಗಲೆಲ್ಲ ಅವನು ಎಲೆಯನ್ನೇ ನೋಡುತ್ತಿದ್ದ. ಅಷ್ಟು ಶ್ರದ್ಧೆಯಿಂದ ಯಾರೂ ಬಾಳೆಲೆಯನ್ನು ನೋಡುವುದಿಲ್ಲ ಎಂದು ಅವಳಿಗೆ ಒಳಗೊಳಗೇ ನಗು ಬಂತು.

ನಗಬಾರದ ಕಾಲ ಅದು. ಕುಂಭಕೋಣದ ಬ್ಯಾಂಕಿನ ಗಂಡು ಅವಳನ್ನು ನೋಡಿ ಒಪ್ಪಿ ಹೋಗಿದ್ದ. ಇಪ್ಪತ್ತಾರು ದಾಟಿದ, ಹೆಣ್ಣುಮಕ್ಕಳ ಶಾಲೆಯಲ್ಲಿ ಭೂಗೋಳ ಹೇಳಿಕೊಡುವ ಹುಡುಗಿಗೆ ಇದು ಸಣ್ಣ ಭಾಗ್ಯವಲ್ಲ ಎಂದು ಎಲ್ಲರೂ ಹೇಳಿದ್ದರು. ಅವನು ಕೆಟ್ಟವನೇನಲ್ಲ. ಅವನ ಮುಖ ನೆನಪಿಸಿಕೊಳ್ಳಲು ಹೋದರೆ ಅವನ ಕೈಗಡಿಯಾರ ಮಾತ್ರ ಕಣ್ಣಿಗೆ ಬರುತ್ತಿತ್ತು, ಅಷ್ಟೇ. "ಅಲ್ಲೂ ಕಾವೇರಿನೇ ಕಣೇ," ಎಂದಿದ್ದ ಸೇತು. "ಊರಿಗೆ ವಾಪಸು ಹೋಗೋಷ್ಟ್ರಲ್ಲಿ ಒಂದು ಮಾತು ಹೇಳಿಬಿಡು."

ಹೂಂ ಎನ್ನಲು ಕಾರಣಗಳು ಬೇಕಾದಷ್ಟಿದ್ದವು. ಉಹೂಂ ಎನ್ನಲು ಒಂದೂ ಇರಲಿಲ್ಲ. ಅದೇ ಅವಳ ಕಷ್ಟ.

ಮರುದಿನ ಬೆಳಿಗ್ಗೆ ಅವಳೇ ದಡಕ್ಕೆ ಹೋಗಿ, "ನಂಗೂ ಹೇಳ್ಕೊಡ್ತೀರಾ?" ಎಂದು ಕೇಳಿದಳು.

ಅವನ ಗಾಳದ ಕೋಲು ಬಿದಿರಿನ ಸೀಳುಗಳಿಂದ ಕಟ್ಟಿದ್ದು, ಬೆರಳಿನಷ್ಟು ತೆಳು. ಅಣೆ ಕಟ್ಟುವಾಗ ಇದ್ದ ಇಂಗ್ಲಿಷ್ ದೊರೆಯೊಬ್ಬ ಬಿಟ್ಟುಹೋದದ್ದಂತೆ. ಹಿಡಿಯ ಹತ್ತಿರ ಹಿತ್ತಾಳೆಯ ರಾಟೆ, ಅದಕ್ಕೆ ಸುತ್ತಿದ ದಾರ ಬೆಳಕಿಗೆ ಹಿಡಿದರೆ ಮಾತ್ರ ಕಾಣುವಂಥದ್ದು.

"ಇದು ಮೀನು ತಡೆಯತ್ತಾ? ನಮ್ಮ ಹೊಲಿಗೆ ಕ್ಲಾಸಿನ ದಾರವೇ ವಾಸಿ."

"ದಾರ ತಡೆಯಲ್ಲ, ಕೈ ತಡೀಬೇಕು. ಅದು ಎಳೆದಾಗ ಬಿಡಬೇಕು, ನಿಂತಾಗ ಸುತ್ತಬೇಕು." ಅವನು ಡಬ್ಬಿಯ ಮುಚ್ಚಳ ತೆಗೆದ. ಒಳಗೆ ಎರೆಹುಳುಗಳು.

ಕಮಲಿನಿ ಎರಡು ಹೆಜ್ಜೆ ಹಿಂದಕ್ಕೆ ಸರಿದಳು. "ಹುಳು ಮುಟ್ಟಲ್ಲ ನಾನು. ನಿಮ್ಮ ಮೀನಿಗೆ ಬೇರೆ ತಿಂಡಿ ಏನೂ ಸೇರಲ್ವಾ?"

"ಗೆಂಡೆ ಮೀನಿಗೆ ಹಿಟ್ಟಿನ ಉಂಡೆ ಆಗತ್ತೆ. ಆದರೆ..." ಅವನು ಡೇರೆಯ ಕಡೆ ನೋಡಿ ದನಿ ತಗ್ಗಿಸಿದ. "ಅದಕ್ಕೆ ಇಂಗು ಬೇಕು. ಇಂಗಿನ ವಾಸನೆಗೆ ಆಚೆ ದಡದಿಂದ ಬರ್ತವೆ. ನಮ್ಮ ಜನದ ಹಾಗೇ."

ಅತ್ತೆಯ ಇಂಗಿನ ಡಬ್ಬಿ! ಬೀಗ ಒಂದಿಲ್ಲ, ಅಷ್ಟೇ. ಕಮಲಿನಿ ಹೋಗಿ ಒಲೆಯ ಪಕ್ಕ ಕೂತು, ಸೊಪ್ಪು ಸೋಸುವ ನೆಪದಲ್ಲಿ ಕಡಲೆಯಷ್ಟು ಮುರಿದು ಸೆರಗಿನ ತುದಿಗೆ ಕಟ್ಟಿಕೊಂಡು ಬಂದಳು. ಹುಟ್ಟಿದಾರಭ್ಯ ಅವಳು ಮಾಡಿದ ಮೊದಲ ಕಳ್ಳತನ ಅದು.

ಇಬ್ಬರೂ ಒಂದೇ ಬಟ್ಟಲಲ್ಲಿ ಹಿಟ್ಟು ನಾದಿದರು. ಬೆರಳಿಗೆ ಬೆರಳು ತಾಕಿತು. ಅವನು ಕ್ಷಮೆ ಕೇಳಲಿಲ್ಲ, ಕೈಯನ್ನೂ ತೆಗೆಯಲಿಲ್ಲ. ಹಿಟ್ಟು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಾದಿಸಿಕೊಂಡಿತು.

ಹಾಲು ತರುವ ಸಿದ್ದಲಕ್ಷ್ಮಮ್ಮ ದಡದ ಮೇಲೆ ನಿಂತು ನೋಡುತ್ತಿದ್ದಳು. ಕಮಲಿನಿ ಹಿಡಿದ ಮೊದಲ ಮೀನು ಓಲೆ ತೊಟ್ಟು ನೀರಿಗೆ ಮರಳಿದ್ದನ್ನು ಕಂಡು ಅವಳಿಗೆ ತಡೆಯಲಾಗಲಿಲ್ಲ.

"ಎನ್ನಾ ಸಾಮಿ ಇದು? ಒಳ್ಳೆ ಸಾರಿಗಾಗೋ ಮೀನು. ಇಡ್ದು ಬುಡೋದಾದ್ರೆ ಯಾಕ್ ಇಡೀಬೇಕು? ನಂಗಾರ ಕೊಡಿ, ನಿಮ್ ಎಸ್ರು ಏಳ್ಕೊಂಡು ತಿಂತೀನಿ."

"ಅದು ಸರ್ಕಾರದ್ದಮ್ಮಾ," ಎಂದ ಪುರಂದರ.

"ಸರ್ಕಾರಕ್ಕೆ ಬುದ್ಧಿ ಇಲ್ಲ ಬುಡು. ತಾಯೀ, ನೀನಾರ ಏಳು. ಈ ಸಾಮಿ ಕೈಗೆ ಸಿಕ್ಕಿದ್ನೆಲ್ಲ ಇಂಗೇ ಬುಟ್ಕೊಂಡ್ ಓದ್ರೆ, ಮನೇಗೆ ಏನ್ ಐತೆ?"

ಅವಳು ನಗುತ್ತ ಹೋದಳು. ಪುರಂದರ ನಗಲಿಲ್ಲ.

"ನಿಜವೇ ಹೇಳಿದ್ಲು," ಎಂದ, ಗಾಳಕ್ಕೆ ಹಿಟ್ಟಿನ ಉಂಡೆ ಸಿಕ್ಕಿಸುತ್ತ. "ಸೇಲಂನಲ್ಲಿ ಒಂದು ಕಡೆ ಮಾತಾಗಿತ್ತು. ಕೆಲಸ ಏನು ಅಂತ ತಿಳಿದ ಮೇಲೆ ಅವರ ಮನೆಯವರು ತಾಂಬೂಲದ ತಟ್ಟೆ ಹೊರಗೇ ಇಟ್ರು. ಒಳಗೆ ಕರೀಲಿಲ್ಲ."

"ಆ ಹುಡುಗಿ ಏನಂದ್ಲು?"

"ಗೊತ್ತಿಲ್ಲ. ನಾನೇ ಎದ್ದು ಬಂದ್ಬಿಟ್ಟೆ."

ಅಂದು ದಶಮಿ. ಸಂಜೆ ನೀರು ಎಣ್ಣೆ ಸುರಿದ ಹಾಗೆ ನಿಂತಿತ್ತು. ಕಮಲಿನಿಯ ಗಾಳಕ್ಕೆ ದೊಡ್ಡದೇನೋ ಸಿಕ್ಕಿತು. ಕೋಲು ಬಿಲ್ಲಾಯಿತು, ರಾಟೆ ಕಿರ್ರೆಂದಿತು. ಪುರಂದರ ಪಕ್ಕಕ್ಕೆ ಬಂದು ರಾಟೆಯ ಅಂಚಿಗೆ ಹೆಬ್ಬೆರಳು ಇಟ್ಟ.

"ಬಿಡಿ... ಓಡಲಿ... ಹಾಂ, ಈಗ ಸುತ್ತಿ. ಅವಸರ ಬೇಡ. ರಾತ್ರಿವರೆಗೂ ಟೈಮ್ ಇದೆ ನಮಗೆ."

ದಾರದ ಆ ತುದಿಯ ಜೀವದ ನಡುಕವೆಲ್ಲ ಅವಳ ಮೊಣಕೈವರೆಗೆ ಬರುತ್ತಿತ್ತು. ಯಾರ ಮಾತಿಗೂ ಕಾಯದೆ, ತನ್ನ ಕೈಯಿಂದಲೇ ಏನನ್ನೋ ತಿಳಿದುಕೊಳ್ಳುತ್ತಿರುವುದು ಬದುಕಿನಲ್ಲಿ ಇದೇ ಮೊದಲೇನೋ ಅನ್ನಿಸಿತು ಅವಳಿಗೆ. ಹೇಳಬೇಕಾದ್ದನ್ನು ಈಗಲೇ ಹೇಳಿಬಿಡಬೇಕೆನ್ನಿಸಿತು.

"ಟೈಮ್ ಇಲ್ಲ ನಂಗೆ. ಕುಂಭಕೋಣದಲ್ಲಿ ಒಂದು ಸಂಬಂಧ ಬಂದಿದೆ. ಒಪ್ಪಿದಾರೆ ಅವರು. ಊರಿಗೆ ಹೋಗೋಷ್ಟ್ರಲ್ಲಿ ನಾನು ಉತ್ತರ ಹೇಳ್ಬೇಕು."

ಮೀನು ಎಳೆಯಿತು. ಪುರಂದರನ ಹೆಬ್ಬೆರಳು ರಾಟೆಯನ್ನು ಬಿಡಲಿಲ್ಲ. ಬಿಗಿಯಾಗಿ ಒತ್ತಿಯೇ ಇತ್ತು. ಟಪ್ ಎಂದು ದಾರ ಹರಿದು, ಗಾಳಿಯಲ್ಲಿ ಸುರುಳಿಯಾಗಿ ಅವಳ ತೋಳಿನ ಮೇಲೆ ಬಿತ್ತು.

"ನನ್ನ ತಪ್ಪು," ಎಂದ. ಅವನ ಮುಖದ ಬಣ್ಣ ಇಳಿದಿತ್ತು. "ಒಳ್ಳೆ ಊರು ಕುಂಭಕೋಣ."

ಅಷ್ಟು ಹೇಳಿ ಅವನು ದಾರ ಸುತ್ತಿಕೊಂಡು ಹೊರಟುಹೋದ.

ಅವಳು ಅಲ್ಲೇ ನಿಂತಿದ್ದಳು. ಎಳೆದಾಗ ಬಿಡಬೇಕು ಎಂದವನು ಅವನೇ. ಎಂದೂ ದಾರ ಹರಿಯದವನೆಂದು ಅಣ್ಣ ಹೊಗಳುತ್ತಿದ್ದುದೂ ಅವನನ್ನೇ. ಬಾಯಿ ಒಳ್ಳೆ ಊರು ಎಂದಿತು. ಬೆರಳು ಏನು ಹೇಳಿತು? ಅವಳು ತೋಳಿನ ಮೇಲಿನ ದಾರದ ತುಣುಕನ್ನು ಎತ್ತಿ, ಇಂಗಿನ ವಾಸನೆಯ ಸೆರಗಿನ ತುದಿಗೇ ಕಟ್ಟಿಕೊಂಡಳು.

ಮರುದಿನ ಏಕಾದಶಿ. ಒಲೆ ಹೊತ್ತಲಿಲ್ಲ. ಅತ್ತೆ ಸ್ನಾನಕ್ಕೆಂದು ಕಮಲಿನಿಯ ಕೈ ಹಿಡಿದು ನೀರಿಗಿಳಿದಾಗ, ಪುರಂದರ ಬಂಡೆಯ ಮೇಲೆ ಕೈ ಕಟ್ಟಿ ಕೂತಿದ್ದ. ಗಾಳದ ಕೋಲು ಬಟ್ಟೆಯ ಚೀಲ ಸೇರಿತ್ತು. ಪಕ್ಕದಲ್ಲಿ ಹಾಸಿಗೆ ಸುತ್ತಿ ಕಟ್ಟಿದ ಅವನ ಹೋಲ್ಡಾಲ್.

"ಏನೋ, ಇವತ್ತು ಮೀನಿಗೆ ರಜವಾ?" ಎಂದರು ಅತ್ತೆ.

"ಏಕಾದಶಿ ದಿನ ನಾನು ಗಾಳ ಮುಟ್ಟಲ್ಲ ಅತ್ತೆ. ನಾವು ಉಪವಾಸ ಇರೋ ದಿನ ಅವಕ್ಕೆ ತಿಂಡಿ ಆಸೆ ತೋರಿಸಬಾರದು. ಮಧ್ಯಾಹ್ನದ ಬಸ್ಸಿಗೆ ಹೊರಡ್ತೀನಿ."

ಅತ್ತೆ ಒದ್ದೆ ಕೈಯನ್ನು ಸೊಂಟಕ್ಕೆ ಇಟ್ಟುಕೊಂಡರು. "ಉಪವಾಸ ಇದೀಯಾ ನೀನು?"

"ನಮ್ಮಮ್ಮ ಇದ್ದಾಗಿನಿಂದ."

"ಹಾಗಾದ್ರೆ ಮೀನು ತಿನ್ನಲ್ವಾ?"

"ಇಲ್ಲ ಅತ್ತೆ."

"ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ಯಾರೂ ಕೇಳ್ಲಿಲ್ಲ."

ಅತ್ತೆ ಸೊಂಟದಿಂದ ಕೈ ತೆಗೆದರು. ಆಮೇಲೆ ಅವನನ್ನೂ ಕಮಲಿನಿಯನ್ನೂ ಒಂದು ಸಲ ನೋಡಿ, ಗಾಳಿಯನ್ನು ಮೂಸಿದರು. "ನನ್ನ ಇಂಗು ಎಲ್ಲಿಗೆ ಹೋಗ್ತಿದೆ ಅಂತಲೂ ನಾನು ಯಾರನ್ನೂ ಕೇಳ್ಲಿಲ್ಲ. ಆಚೆ ಬಂಡೆ ಹತ್ರ ಜಪ ಮಾಡ್ತೀನಿ. ಅಲ್ಲಿ ಕೂತ್ರೆ ನಂಗೆ ಇಲ್ಲಿ ಮಾತಾಡಿದ್ದು ಕೇಳಿಸಲ್ಲ."

ಅವರು ಹೋದರು. ಎರಡು ಕೊಕ್ಕರೆಗಳು ನೀರಿನ ಅಂಚಿನಲ್ಲಿ ನಿಂತಿದ್ದವು. ಕಮಲಿನಿ ಸೆರಗಿನ ಗಂಟು ಬಿಚ್ಚಿ ದಾರದ ತುಣುಕನ್ನು ಅವನ ಪಕ್ಕದಲ್ಲಿ ಇಟ್ಟಳು.

"ಇದು ನಿಮ್ದು."

"ಹರಿದಿದ್ದು ಯಾಕೆ ಇಟ್ಕೊಂಡ್ರಿ?"

"ಇದೊಂದೇ ನಿಜ ಹೇಳಿದ್ದು. ನೀವು ಸುಳ್ಳು ಹೇಳಿದ್ರಿ, ಒಳ್ಳೆ ಊರು ಅಂತ."

ಅವನು ನೀರನ್ನು ನೋಡುತ್ತ ಕೂತ. "ನಾಳೆ ನಿಮ್ಮ ಮನೆಯಲ್ಲೂ ತಟ್ಟೆ ಹೊರಗೇ ಇಟ್ರೆ, ಕಮಲಿನಿ? ನಂಗೆ ಅಭ್ಯಾಸ ಇದೆ. ನಿಮಗೆ ಇಲ್ಲ. ಹೊರಗೆ ನಿಲ್ಲೋದು ಹೆಂಗಸರಿಗೆ ಇನ್ನೂ ಕಷ್ಟ."

ತನ್ನ ಹೆಸರು ಅವನ ಬಾಯಲ್ಲಿ ಮೊದಲ ಸಲ ಬಂದದ್ದು. ಅದು ತಣ್ಣಗೆ, ಬಂಡೆಯ ಮೇಲೆ ಇಟ್ಟ ನೀರಿನ ಚೊಂಬಿನ ಹಾಗಿತ್ತು. ಅವಳ ಭಯ ಎಲ್ಲಿಗೋ ಹೋಯಿತು.

"ಹೊರಗಿಟ್ರೆ ಹುಣಸೆಮರದ ನೆರಳಿದೆ. ಎರಡು ಎಲೆ ಹಿಡಿಯತ್ತೆ," ಎಂದಳು. "ಆ ಸಿದ್ದಲಕ್ಷ್ಮಮ್ಮ ಕೇಳಿದ್ದಕ್ಕೆ ನೀವು ಉತ್ತರ ಕೊಡ್ಲಿಲ್ಲ. ಹಿಡಿದು ಬಿಡೋದಾದ್ರೆ ಯಾಕೆ ಹಿಡೀಬೇಕು?"

ಅವನು ನೀರಿನಿಂದ ಅವಳ ಕಡೆಗೆ ತಿರುಗಿದ. ಆಮೇಲೆ ದಾರದ ತುಣುಕನ್ನು ಎತ್ತಿ ತನ್ನ ಕಿರುಬೆರಳಿಗೆ ಒಂದು ಸುತ್ತು ಸುತ್ತಿಕೊಂಡು, ಇನ್ನೊಂದು ತುದಿಯನ್ನು ಅವಳ ಕಡೆ ಚಾಚಿದ.

"ಎಲ್ಲಾನೂ ಬಿಡಬೇಕು ಅಂತ ಸರ್ಕಾರದ ಆರ್ಡರ್ ಏನೂ ಇಲ್ಲ," ಎಂದ.

ಅವಳು ಆ ತುದಿಯನ್ನು ಎರಡು ಬೆರಳುಗಳ ನಡುವೆ ಹಿಡಿದಳು. ಎಳೆಯಲಿಲ್ಲ. ಅವನೂ ಎಳೆಯಲಿಲ್ಲ. ಮಧ್ಯಾಹ್ನದ ಬಸ್ಸು ದೂರದ ರಸ್ತೆಯಲ್ಲಿ ಧೂಳೆಬ್ಬಿಸಿಕೊಂಡು ಹೋದಾಗಲೂ ಹೋಲ್ಡಾಲ್ ಬಂಡೆಯ ಮೇಲೇ ಇತ್ತು.

ದ್ವಾದಶಿಯ ಬೆಳಿಗ್ಗೆ, ಬಿಸಿಲು ಏರುವ ಮೊದಲೇ ಪಾರಣೆಗೆ ಎಲೆ ಹಾಕಿದರು. ಅಗಸೆ ಸೊಪ್ಪಿನ ಪಲ್ಯ, ನೆಲ್ಲಿಕಾಯಿ ಚಟ್ನಿ, ಹೆಸರುಬೇಳೆ ಸಾರು. ಪುರಂದರ ಅಭ್ಯಾಸದಂತೆ ಹುಣಸೆಮರದ ಕಡೆ ನಡೆದ. ಅಲ್ಲಿ ಎಲೆ ಇರಲಿಲ್ಲ.

"ಎಲ್ಲಿಗೋ? ಒಳಗೆ ಬಾ," ಎಂದರು ಅತ್ತೆ ಡೇರೆಯೊಳಗಿಂದ. ಸೇತುವಿನ ಎಲೆಯ ಪಕ್ಕದಲ್ಲೇ ಇನ್ನೊಂದು ಎಲೆ ಹಾಸಿತ್ತು, ನೀರು ಚಿಮುಕಿಸಿ ಒರೆಸಿತ್ತು.

ಅವನು ಡೇರೆಯ ಬಾಗಿಲಲ್ಲಿ ಒಂದು ಗಳಿಗೆ ನಿಂತ. ಆಮೇಲೆ ತಲೆ ತಗ್ಗಿಸಿ ಒಳಗೆ ಬಂದು ಕೂತ.

ಕಮಲಿನಿ ಉಪ್ಪು ಬಡಿಸುತ್ತ ಅಣ್ಣನ ಎಲೆಯ ಮುಂದೆ ನಿಂತಳು. "ಅಣ್ಣಾ, ಕುಂಭಕೋಣಕ್ಕೆ ಬೇಡ ಅಂತ ಹೇಳ್ಬಿಡು."

ಸೇತುವಿನ ಕೈ ತೀರ್ಥದ ಉದ್ಧರಣೆಯ ಮೇಲೇ ನಿಂತಿತು. ಅವನು ತಂಗಿಯನ್ನು ನೋಡಿದ, ಗೆಳೆಯನನ್ನು ನೋಡಿದ, ಕೊನೆಗೆ ಅತ್ತೆಯನ್ನು. "ಏನಂತ ಕಾರಣ ಹೇಳ್ಲಿ? ಅಲ್ಲೂ ಕಾವೇರಿನೇ ಅಂತ ನಾನೇ ಹೊಗಳಿದೀನಿ."

"ಹರಿಯೋ ಕಾವೇರಿ ಬೇಡ, ನಮ್ಮ ಹುಡುಗಿಗೆ ನಿಂತ ಕಾವೇರಿನೇ ಹಿಡಿಸ್ತು ಅನ್ನು," ಎಂದರು ಅತ್ತೆ, ಅನ್ನದ ತಪ್ಪಲೆಯ ಮುಚ್ಚಳ ತೆಗೆಯುತ್ತ.

ಕಮಲಿನಿ ಸಾಲಿನ ಕೊನೆಯ ಎಲೆಗೆ ಬಂದಳು. ಉಪ್ಪು ಹಾಕಲು ಬಗ್ಗಿದಳು. ಈ ಸಲ ಅವನು ಎಲೆಯನ್ನು ನೋಡಲಿಲ್ಲ.

ಏನಾದರೂ ಹೇಳಬೇಕಲ್ಲ ಎಂದು ಅವಳು ಮೆಲ್ಲಗೆ ಕೇಳಿದಳು. "ಸಾರಿಗೆ ಇಂಗು ಕಮ್ಮಿ ಆಗಿರಬಹುದು. ಸರಿ ಹೋಯ್ತಾ?"

"ಸರಿಯಾಗಿದೆ," ಎಂದ ಪುರಂದರ, ಅವಳ ಮುಖದಿಂದ ಕಣ್ಣು ತೆಗೆಯದೆ. "ತುಂಬಾ ಸರಿಯಾಗಿದೆ."

"ಸಾರು ಇನ್ನೂ ಬಡಿಸೇ ಇಲ್ಲವೋ," ಎಂದರು ಅತ್ತೆ.