ಡ್ರಾಯರ್‌ನಲ್ಲೇ ಉಳಿದ ಅರ್ಜಿ

"ಕಣ್ಣು, ಕಿವಿ, ಕೈಕಾಲು ಎಲ್ಲಾ ನೆಟ್ಟಗಿದೆಯಲ್ಲ! ಇದು ಅಂಗವಿಕಲರ ಇಂಗ್ಲಿಷ್ ಕ್ಲಾಸು ಕಣ್ರೀ. ತಮಾಷೆ ಮಾಡೋಕೆ ಬಂದ್ರಾ?"

ಬಾಗಿಲಲ್ಲಿ ನಿಂತಿದ್ದ ಯುವಕ ಬಾಯಿ ತೆರೆದ. "ನಾ... ನಾ... ನಾ..."

"ನಾಟಕ ಸಾಕು!" ಎಂದಳು ಟೀಚರ್.

ಮುಂದಿನ ಬೆಂಚಿನಲ್ಲಿದ್ದ, ಕಣ್ಣು ಕಾಣದ ಹುಡುಗಿ ತಲೆ ಎತ್ತಿದಳು. "ಮಿಸ್, ಅವರಿಗೆ ಮಾತು ಬರೋಕೆ ಸ್ವಲ್ಪ ಹೊತ್ತು ಬೇಕು. ನಿಮಗೆ ಗೊತ್ತಾಗ್ಲಿಲ್ವಾ?"

ಟೀಚರ್ ನಾಚಿಕೆಯಿಂದ ಕುಗ್ಗಿಹೋದಳು.

ಅವನು ಆಸ್ಪತ್ರೆಯಲ್ಲಿ ನರ್ಸ್. ಹೊರದೇಶದಲ್ಲಿ ಕೆಲಸ ಕಾದಿತ್ತು. ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕಿತ್ತು, ಅಷ್ಟೆ. ಎಂಟು ತಿಂಗಳು ಅವಳು ಪಾಠ ಹೇಳಿದಳು. ಓದು, ಬರಹ ಅವನಿಗೆ ನೀರು ಕುಡಿದಷ್ಟು ಸುಲಭ. ಕಷ್ಟವಿದ್ದದ್ದು ಮಾತಿನ ಭಾಗ. ಕಂಪ್ಯೂಟರ್ ಪ್ರಶ್ನೆ ಕೇಳುತ್ತದೆ. ನಲವತ್ತೈದು ಸೆಕೆಂಡಾದರೆ ಮೈಕು ಬಂದ್! ಹೆಚ್ಚು ಸಮಯ ಬೇಕಾದರೆ ವೈದ್ಯರ ಪತ್ರದೊಂದಿಗೆ ಮೊದಲೇ ಅರ್ಜಿ ಹಾಕಬೇಕು. ವಿದ್ಯಾರ್ಥಿಗಳ ಅರ್ಜಿಗಳನ್ನೆಲ್ಲ ಕಳಿಸುವವಳು ಅವಳೇ.

ಅಷ್ಟರಲ್ಲಿ ಅವಳ ಮನಸ್ಸು ಅವನಿಗೆ ಸೋತಿತ್ತು.

'ಪಾಸಾದ್ರೆ ಹೊರಟೇ ಹೋಗ್ತಾನೆ...'

ಎಲ್ಲರ ಅರ್ಜಿಗಳೂ ಹೋದವು. ಅವನದು ಡ್ರಾಯರ್‌ನಲ್ಲೇ ಉಳಿಯಿತು.

"ನಿಮ್ಮದು ಒಪ್ಪಲಿಲ್ಲವಂತೆ" ಎಂದು ಸುಳ್ಳು ಹೇಳಿದಳು. ಅವನು ನಂಬಿದ.

ಪರೀಕ್ಷೆಯಲ್ಲಿ ಪ್ರತಿ ಸಲವೂ ಉತ್ತರ ಅರ್ಧಕ್ಕೆ ಬರುವಷ್ಟರಲ್ಲಿ ಮೈಕು ಬಂದ್ ಆಯಿತು. ಪಕ್ಕದ ಕುರ್ಚಿಯವರು ಹೆಡ್‌ಫೋನ್ ಸರಿಸಿ, ಅವನತ್ತ ನೋಡಿ ನಕ್ಕರು.

ಫಲಿತಾಂಶದ ದಿನ ಖಾಲಿ ತರಗತಿಯಲ್ಲಿ ಅವಳು ಅಳುತ್ತಿದ್ದಳು. ಫೇಲಾದವನೇ ಬಂದು ಸಮಾಧಾನ ಮಾಡಿದ!

"ಅ... ಅಳ್ಬೇಡಿ ಮಿಸ್. ತಪ್ಪು ನನ್ನ ನಾ... ನಾಲಿಗೇದು."

ಆ ಮಾತನ್ನು ಅವಳಿಗೆ ತಡೆದುಕೊಳ್ಳಲಾಗಲಿಲ್ಲ. ಡ್ರಾಯರ್ ಎಳೆದು ಅರ್ಜಿಯನ್ನು ಅವನ ಮುಂದಿಟ್ಟಳು.

"ನಾನಿದನ್ನ ಕಳಿಸ್ಲೇ ಇಲ್ಲ... ನೀವು ಹೋಗ್ಬಿಟ್ರೆ ನನ್ನ ಗತಿ ಏನು ಅಂತ... ನಿಮ್ಮನ್ನ ಅಷ್ಟು ಪ್ರೀತಿಸ್ತೀನಿ!"

ಅವನು ಆ ಹಾಳೆಯನ್ನು ಕೈಗೆತ್ತಿಕೊಂಡ.

"ಎ... ಎಲ್ಲರೂ ನನ್ನ ಮಾತನ್ನ ಅರ್ಧಕ್ಕೇ ಕತ್ತರಿಸಿದ್ರು. ನೀ... ನೀವೂನಾ?"

"ಕ್ಷಮಿಸಿ..."

"ಕೆಲಸ ಸಿಕ್ಕ ದಿನ, ನನ್ನನ್ನ ಮ... ಮದುವೆ ಆಗ್ತೀರಾ ಅಂತ ನಿಮ್ಮನ್ನ ಕೇಳೋಣ ಅಂತಿದ್ದೆ."



ಅವನು ಮೇಜಿನ ಮೇಲಿದ್ದ ಕಂಪ್ಯೂಟರನ್ನು ಅವಳತ್ತ ತಿರುಗಿಸಿದ. "ಮುಂದಿನ ಪರೀಕ್ಷೆಗೆ ಹೊಸ ಅರ್ಜಿ ಹಾಕಿ. ನ... ನನ್ನೆದುರಿಗೇ."

ಅವಳು ತುಂಬಿ ಕಳಿಸಿದಳು. "ಪಾಸಾದ್ರೆ...?"

"ಒ... ಒಬ್ಬನೇ ಹೋಗ್ತೀನಿ."

"ಮತ್ತೆ ನಾನು?"

ಅವನು ಬಾಗಿಲವರೆಗೆ ಹೋಗಿ ನಿಂತ. "ಸಿಟ್ಟು ಇಳಿದ ದಿನ ಫೋನ್ ಮಾಡ್ತೀನಿ. ಮಾ... ಮಾತು ಬರೋದು ತಡ ಆಗುತ್ತೆ."

"ಎಷ್ಟು ಹೊತ್ತಾದ್ರೂ ಫೋನ್ ಇಡಲ್ಲ ಕಣ್ರೀ..."