ಚಿಲಕದ ಮೇಲಿನ ಟವೆಲ್

"ಸಾಯಾಕ ಬ್ಯಾರೆ ಜಾಗಾ ಸಿಗಲಿಲ್ಲೇನ್ರಿ ನಿಮಗ?!"

ಯಾರೋ ತೋಳು ಹಿಡಿದು ಎಳೆದ ರಭಸಕ್ಕೆ ಶೈಲಶ್ರೀ ಕೋಲ್ಡ್ ಸ್ಟೋರೇಜಿನ ಮೆಣಸಿನಕಾಯಿ ಚೀಲಗಳ ಸಂದಿಯಿಂದ ನೇರ ಹೊರಗಿನ ಬಿಸಿಲಿಗೆ ಬಂದು ನಿಂತಳು.

ಮೇ ತಿಂಗಳ ಬ್ಯಾಡಗಿ. ಕಾಗೆಯೂ ನೆರಳು ಹುಡುಕುವ ಮಧ್ಯಾಹ್ನ. ಅಂಥದ್ದರಲ್ಲಿ ಈ ಮಹರಾಯ್ತಿಯ ಮೈಮೇಲೆ ಎರಡು ಸ್ವೆಟರ್, ತಲೆಗೆ ಮಂಕಿ ಟೋಪಿ, ಕೈಗೆ ಉಣ್ಣೆಯ ಗವಸು! ಎಳೆದವನು ಅವಳನ್ನು ಮೇಲಿಂದ ಕೆಳಗೆ ನೋಡಿ ಬೆಪ್ಪಾದ.

"ನಾ ಸಾಯಾಕ ಬಂದಿಲ್ರಿ... ರೂಢಿ ಮಾಡ್ಕೊಳ್ಳಾಕತ್ತೇನಿ."

"ಎದರ ರೂಢಿ?"

"ಥಂಡೀದು... ಮತ್ತ ಕತ್ತಲೀದು."

"ಛಲೋ ರೂಢಿ! ಇನ್ನೊಂದು ಸ್ವಲ್ಪ ತಡಾ ಆಗಿದ್ರ ನಾ ಬಾಗಲಾ ಹಾಕ್ಕೊಂಡು ಮನಿಗೆ ಹೋಗತಿದ್ದೆ. ನಾಳೆ ರವಿವಾರ, ಯಾರೂ ಬರಂಗಿಲ್ಲ. ನೀವು ಸೀನಿದ್ರಿ, ಉಳಕೊಂಡ್ರಿ!"

ಬಾಗಲಾ ಹಾಕ್ಕೊಂಡು... ಆ ಮಾತು ಕಿವಿಗೆ ಬಿದ್ದದ್ದೇ ತಡ, ಶೈಲಶ್ರೀಯ ತುಟಿ ಬಿಳಿಚಿತು. ಗೋಡೆಗೆ ಆನಿಕೊಂಡು ಹಾಗೇ ಕೆಳಗೆ ಕೂತುಬಿಟ್ಟಳು.

ಅವನ ಸಿಟ್ಟು ಅಲ್ಲಿಗೇ ಇಳಿಯಿತು. ಓಡಿಹೋಗಿ ತಂಬಿಗೆಯಲ್ಲಿ ನೀರು ತಂದ.

"ಕುಡೀರಿ. ಅಂಜಬ್ಯಾಡ್ರಿ... ನನ್ನ ಹೆಸರು ಫಕ್ಕೀರೇಶ. ಇಲ್ಲಿ ತಂಪು ಮಾಡೋ ಮಷಿನ್ ನೋಡ್ಕೋತೇನಿ. ನೀವು ಯಾರ ಪೈಕಿ?"

"ಸೋಮಣ್ಣಾರು ನಮ್ಮ ಸೋದರಮಾವ."

"ನಮ್ಮ ಮ್ಯಾನೇಜರ ಸೊಸೀನ? ಅಯ್ಯ ಶಿವನ! ಅವರ ಸೊಸಿ ತೋಳು ಹಿಡದು ಎಳದೆನಲ್ಲ!" ಎಂದು ಅವನು ಕೈ ಹಿಂದಕ್ಕೆ ಕಟ್ಟಿಕೊಂಡ ರೀತಿಗೆ ಅವಳಿಗೆ ಆ ಭಯದಲ್ಲೂ ನಗು ಬಂತು.

ನಗು ಬಂದರೆ ಕೆಲಸ ಅರ್ಧ ಆದಂತೆ. ಅವಳು ಎಲ್ಲ ಹೇಳಿದಳು.

ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ತೇವ, ತಾಪ ಅಳೆಯುವ ಯಂತ್ರಗಳನ್ನು ನೋಡಿಕೊಳ್ಳುವ ಹುಡುಗಿ ಅವಳು. ಅಂಥದೇ ಯಂತ್ರಗಳನ್ನು ನೋಡಿಕೊಳ್ಳಲು ಆರ್ಕ್ಟಿಕ್‌ನ ಒಂದು ಸಂಶೋಧನಾ ಕೇಂದ್ರಕ್ಕೆ ಆಯ್ಕೆಯಾಗಿದ್ದಳು. ಭೂಮಿಯ ನೆತ್ತಿಯ ಮೇಲೆ, ಚಳಿಗಾಲ ಪೂರ್ತಿ! ಅಲ್ಲಿ ಆಗ ತಿಂಗಳುಗಟ್ಟಲೆ ಸೂರ್ಯನೇ ಹುಟ್ಟುವುದಿಲ್ಲ.

"ಇಲ್ಲಿ ನಾಕು ಡಿಗ್ರಿ ಐತಿ. ಅಲ್ಲಿ?"

"ಮೈನಸ್ ಇಪ್ಪತ್ತು... ಒಮ್ಮೊಮ್ಮೆ ಮೂವತ್ತು."

"ಹಂಗಾದ್ರ ಇದು ಬರೇ ಉಪ್ಪಿನಕಾಯಿ. ಊಟ ಅಲ್ಲೇ ಐತಿ ಅನ್ರಿ."

ಚಳಿಯ ಚಿಂತೆ ಅವಳಿಗಿರಲಿಲ್ಲ. ಚಳಿಗೆ ಬಟ್ಟೆ ಕೊಡುತ್ತಾರೆ. ಭಯ ಇದ್ದದ್ದು ಬಾಗಿಲಿನದು. ಕೇಂದ್ರದಿಂದ ದೂರ, ಹಿಮದ ಬಯಲಿನಲ್ಲಿ ಯಂತ್ರಗಳ ಒಂದು ಪುಟ್ಟ ಗುಡಿಸಲು. ಅವಳು ಒಬ್ಬಳೇ ಒಳಗೆ ಹೋಗಬೇಕು, ಹಿಮ ನುಗ್ಗದಂತೆ ಬಾಗಿಲು ಬಿಗಿಯಾಗಿ ಮುಚ್ಚಿಕೊಳ್ಳಬೇಕು. ಅದಕ್ಕೂ ಮೊದಲು, ಹಿಮಾಲಯದ ತರಬೇತಿಯಲ್ಲಿ, ಮುಚ್ಚಿದ ಕತ್ತಲ ಗುಡಿಸಲಿನಲ್ಲಿ ಒಂದು ತಾಸು ಒಂಟಿಯಾಗಿ ಕೂರುವ ಪರೀಕ್ಷೆ. ಆಗದಿದ್ದರೆ ಮನೆಗೆ ವಾಪಸ್.

"ಮುಚ್ಚಿದ ಜಾಗದ ಭಯ ಇದೆಯಾ?" ಎಂದು ತಂಡದ ಡಾಕ್ಟರು ಕೇಳಿದಾಗ ಶೈಲಶ್ರೀ ಕಣ್ಣು ಮಿಟುಕಿಸದೆ "ಇಲ್ಲ" ಎಂದಿದ್ದಳು. ಶುದ್ಧ ಸುಳ್ಳು!

ಅವಳು ಬಚ್ಚಲುಮನೆಯ ಚಿಲಕವನ್ನೂ ಹಾಕಿಕೊಳ್ಳುವವಳಲ್ಲ.

ಚಿಕ್ಕವಳಿದ್ದಾಗ ಕುಪ್ಪೇಲೂರಿನ ಅಜ್ಜಿ ಗದಿಗೆವ್ವನ ಮನೆಯಲ್ಲಿ ಕಣ್ಣಾಮುಚ್ಚಾಲೆ ಆಡುತ್ತ ಹಗೇವಿನೊಳಗೆ ಅಡಗಿದ್ದಳು. ಹಗೇವು ಅಂದರೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ಕಣಜ. ಅವತ್ತು ಖಾಲಿ ಇತ್ತು. ಮಗು ಒಳಗಿದೆ ಅಂತ ಯಾರಿಗೆ ಗೊತ್ತು? ದನ ಕಾಲಿಟ್ಟಾವು ಅಂತ ಆಳುಗಳು ಬಾಯಿಗೆ ಕಲ್ಲು ಮುಚ್ಚಿದರು. ಕೂಗಿದಳು... ಕೂಗಿದಳು... ಮಣ್ಣು ಕೂಗನ್ನೆಲ್ಲ ನುಂಗಿತು. ಇಳಿಹೊತ್ತಿಗೆ ಅಜ್ಜಿ ಪುಟ್ಟ ಚಪ್ಪಲಿ ಕಂಡು ಕಲ್ಲು ಸರಿಸದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

"ಕತ್ತಲಿಗೆ ಅಷ್ಟು ಅಂಜಲಿಲ್ರಿ ನಾ," ಅಂದಳು ಶೈಲಶ್ರೀ. "ನಾ ಒಳಗ ಅದೇನಿ ಅನ್ನೂದು ಹೊರಗ ಒಬ್ಬರಿಗೂ ಗೊತ್ತಿಲ್ಲ ಅಲ್ಲಾ... ಅದಕ್ಕ ಅಂಜಿದೆ."

ಫಕ್ಕೀರೇಶ ಹೆಗಲ ಮೇಲಿನ ಟವೆಲ್ ತೆಗೆದು ಕೋಣೆಯ ದಪ್ಪ ಬಾಗಿಲಿನ ಚಿಲಕಕ್ಕೆ ನೇತುಹಾಕಿದ.

"ಇಲ್ಲಿ ಒಂದು ಪದ್ಧತಿ ಐತ್ರಿ. ಒಳಗ ಹೋಗಾಂವ ಚಿಲಕಕ್ಕ ತನ್ನ ಟವೆಲ್ ಹಾಕಿ ಹೋಗ್ತಾನ. ಟವೆಲ್ ತೂಗಾಕತ್ತಿದ್ರ ಮಾಲಕ ಬಂದ್ರೂ ಆ ಬಾಗಲಾ ಮುಟ್ಟಂಗಿಲ್ಲ. ನಮ್ಮಪ್ಪ ಇಲ್ಲೇ ಹಮಾಲಿ ಮಾಡತಿದ್ದ. ಅವನೂ ಹಿಂಗ ಹಾಕತಿದ್ದ."

ಬಾಗಿಲ ಒಳಮೈಯಲ್ಲಿದ್ದ ಕಬ್ಬಿಣದ ಹಿಡಿಕೆಯನ್ನೂ ತೋರಿಸಿದ. "ಇದನ್ನ ಒತ್ತಿದ್ರ ಒಳಗಿಂದನೂ ಬಾಗಲಾ ತಗೀತೈತಿ. ಆದ್ರ ಅಂಜಿದಾವಗ ಇದು ನೆನಪಾಗಂಗಿಲ್ಲ. ಅದಕ್ಕ ಟವೆಲ್."

ಅವತ್ತಿನಿಂದ ಪ್ರತಿ ಶನಿವಾರ ಶೈಲಶ್ರೀ ಬ್ಯಾಡಗಿಯ ಬಸ್ಸು ಹತ್ತಿದಳು. ತನ್ನ ನೀಲಿ ದುಪಟ್ಟಾವನ್ನು ಚಿಲಕಕ್ಕೆ ಹಾಕಿ ಒಳಗೆ ಹೋಗಿ ಕೂರುವಳು. ಅವನು ಹೊರಗೆ ಸ್ಟೂಲಿನ ಮೇಲೆ. ಮೊದಲು ಬಾಗಿಲು ಪೂರ್ತಿ ತೆರೆದು. ಆಮೇಲೆ ಅರ್ಧ. ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಗೇಣು ಸಂದು. ಆ ಗೇಣು ಸಂದಿನಲ್ಲಿ ಎಷ್ಟು ಮಾತು ಹಾದುಹೋದವೋ!

"ಅಲ್ಲಿ ಕರಡಿ ಇರ್ತಾವಂತಲ್ರಿ?"

"ಹೂಂ. ಬಂದೂಕು ಹೊಡಿಯೋದೂ ಕಲಸ್ತಾರ."

"ಅಬಾ! ಇನ್ನ ನಿಮ್ಮ ಜೋಡಿ ಹುಷಾರಾಗಿ ಮಾತಾಡಬೇಕು."

ಅವಳು ಒಳಗೇ ನಗುವಳು. ಇವನ ಧ್ವನಿ ಕೇಳುತ್ತಿದ್ದರೆ ಕತ್ತಲು ಯಾಕೆ ಸಣ್ಣದಾಗುತ್ತದೆ? ಕೇಳಿಕೊಂಡಳು, ಉತ್ತರ ಗೊತ್ತಿದ್ದೂ ಗೊತ್ತಿಲ್ಲದವಳಂತೆ ಸುಮ್ಮನಾದಳು.

ತರಬೇತಿಗೆ ಇನ್ನು ಎರಡೇ ವಾರ ಅನ್ನುವಾಗ ಒಂದು ಶನಿವಾರ ಆ ಸಂದಿನಿಂದ ಅವನ ದನಿ ಬಂತು, ಮೆಲ್ಲಗೆ.

"ಹೋಗದಿದ್ರ... ಆಗಂಗಿಲ್ಲೇನ್ರಿ?"

ಅವಳಿಗೆ ಸಿಹಿಯೂ ಆಯಿತು, ಹೆದರಿಕೆಯೂ ಆಯಿತು. ಅವನು ಮತ್ತೆ ಕೇಳಲಿಲ್ಲ.

ಮುಂದಿನ ಶನಿವಾರ ದುಪಟ್ಟಾ ಹಾಕಿ, ದೀಪ ಹಚ್ಚಿಕೊಂಡೇ ಒಳಗೆ ಕೂತಿದ್ದಳು.

ಧಡ್!

ಬಾಗಿಲು ಮುಚ್ಚಿತು. ದೀಪವೂ ಆರಿತು.

"ಫಕ್ಕೀರೇಶ್?... ಚೇಷ್ಟೆ ಸಾಕ್ರಿ!"

ಉತ್ತರವಿಲ್ಲ. ಮೆಣಸಿನಕಾಯಿಯ ಘಾಟು ಕರಗಿ ಹಳೆಯ ಜೋಳದ ಮುಗ್ಗಲು ವಾಸನೆಯಾಯಿತು. ಗೋಡೆಗಳು ಮಣ್ಣಾದವು. ತಲೆಯ ಮೇಲೆ ಕಲ್ಲು. ಅವಳಿಗೆ ಮತ್ತೆ ಎಂಟು ವರ್ಷ. ಉಸಿರು... ಉಸಿರು ಎಲ್ಲಿ?

"ಅವ್ವಾ! ಅಜ್ಜೀ! ಯಾರರ ಅದೀರೇನು?!"

ಗವಸಿನ ಕೈಯಿಂದ ಬಾಗಿಲು ಬಡಿದಳು. ದಪ್ಪ ಬಾಗಿಲು ಎಲ್ಲ ಸದ್ದನ್ನೂ ತಿಂದಿತು. ಕೊನೆಗೆ ಬೆಳಕು ಒಡೆದು ಬಂದಾಗ ಅವಳು ನೆಲದ ಮೇಲೆ ಮುದುಡಿ ಬಿದ್ದಿದ್ದಳು.

ಎದುರಿಗೆ ಏದುಸಿರು ಬಿಡುತ್ತ ಫಕ್ಕೀರೇಶ. ಅವನ ಕೈಯಲ್ಲಿ ಅವಳ ನೀಲಿ ದುಪಟ್ಟಾ!

"ನೀವ ತಗದ್ರೇನು ಅದನ್ನ?"

ಅವನು ಒಮ್ಮೆ ಹಿಂದಿರುಗಿ ಆಫೀಸಿನ ಕಡೆ ನೋಡಿದ. ಆಮೇಲೆ ತಲೆ ತಗ್ಗಿಸಿದ.

"ಅವತ್ತ ಹೋಗಬ್ಯಾಡ ಅಂದ್ರಿ. ಇವತ್ತ ಬಾಗಲಾ ಹಾಕಿದ್ರಿ! ಅಂಜಸಿ ಮನ್ಯಾಗ ಕುಂದ್ರಸಬೇಕಂತ ಮಾಡಿದ್ರಿ, ಹೌದಿಲ್ಲೋ? ಮಾತಾಡ್ರಿ!"

"...ತಪ್ಪಾತ್ರಿ."

ಅಷ್ಟೇ. ಒಂದು ಅಕ್ಷರ ಹೆಚ್ಚಿಲ್ಲ. ಅವಳು ದುಪಟ್ಟಾವನ್ನೂ ತೆಗೆದುಕೊಳ್ಳದೆ, ತಿರುಗಿಯೂ ನೋಡದೆ ನಡೆದುಬಿಟ್ಟಳು.

ರಾಣೆಬೆನ್ನೂರಿನ ಮನೆಯಲ್ಲಿ ತಾಯಿ ಪುಷ್ಪಲತಾ ಸಿಹಿ ಮಾದಲಿ ಮಾಡಿದ್ದರು. ಮಗಳು ಹೋಗುವಳೆಂದು ತಿಂಗಳುಗಟ್ಟಲೆ ಕಣ್ಣೀರು ಹಾಕಿದ ತಾಯಿ, "ಹೋಗಂಗಿಲ್ಲವ್ವಾ" ಅಂದ ತಕ್ಷಣ ಬೆಲ್ಲದ ಡಬ್ಬಿ ತೆಗೆದಿದ್ದರು.

ಆದರೆ ಆ ಸಂಭ್ರಮ ಬಹಳ ದಿನ ಬಾಳಲಿಲ್ಲ. ಮಗಳು ಈಗ ಬಚ್ಚಲಿನ ಬಾಗಿಲನ್ನು ಮುಚ್ಚಲೂ ಹೆದರುತ್ತಿದ್ದಳು. ಕಿಟಕಿಯ ಪರದೆ ಎಳೆದರೆ ಬೆವರುತ್ತಿದ್ದಳು. ಹಾವು ಕಚ್ಚಿದವರಿಗೆ ಹಗ್ಗವೂ ಹಾವು. ಒಂದು ಬೆಳಿಗ್ಗೆ, ಮುಂಬಾಗಿಲು ಗಾಳಿಗೆ ಬಡಿದದ್ದಕ್ಕೆ ಮಗಳು ಚೀರಿ ಕೈಯಲ್ಲಿದ್ದ ಬಟ್ಟಲು ಬೀಳಿಸಿದಾಗ ಪುಷ್ಪಲತಾ ಸೆರಗು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟರು.

"ನಾನ ಹೇಳಿದ್ದೆ ನಿಮ್ಮ ಮಾವಗ! ಲೈಟ್ ಆರಸಿ ಐದು ನಿಮಿಷ ಬಾಗಲಾ ಹಾಕಿ ತಗೀ ಅಂದಿದ್ದೆ. ಒಮ್ಮೆ ಅಂಜಿದ್ರ ನೀ ಮನ್ಯಾಗ ಉಳೀತಿ ಅಂತ... ನಿಮ್ಮಪ್ಪ ಹೋದ ಮ್ಯಾಲ ನನಗ ನಿನ್ನ ಬಿಟ್ರ ಯಾರದಾರ?"

ಶೈಲಶ್ರೀ ಕಲ್ಲಾದಳು.

"ಮತ್ತ... ಫಕ್ಕೀರೇಶ?"

"ಅವ ಚಾ ತರಾಕ ಹೋಗಿದ್ದನಂತ. ಬಂದು ಅಣ್ಣನ ಕೈಯಾಗಿನ ದುಪಟ್ಟಾ ಕಸಗೊಂಡು ಬಾಗಲಾ ತಗದ. 'ನಿಮ್ಮ ಹೆಸರು ಹೇಳಂಗಿಲ್ರಿ, ಆಕಿಗೆ ತಂದಿ ಜಾಗಾದಾಗ ಇದ್ದಾವ್ರು ನೀವೊಬ್ಬರ' ಅಂದನಂತ. ಅಣ್ಣ ನಾಚಿಕಿಲೇ ಸಾಯಾಕತ್ಯಾನ."

ಅಂದರೆ ಆ ದುಪಟ್ಟಾ... ಅವನು ಕಸಿದುಕೊಂಡಿದ್ದು! ಆ ಮೌನ...

ಅವಳು ತಾಯಿಯ ಕಡೆ ತಿರುಗಿದಳು. ದನಿ ಏರಲಿಲ್ಲ.

"ಅವ್ವಾ, ಹಗೇವಿಗೆ ಕಲ್ಲು ಹಾಕಿದಾವ್ರಿಗೆ ನಾ ಒಳಗ ಇದ್ದದ್ದು ಗೊತ್ತಿರಲಿಲ್ಲ. ನಿನಗ ಗೊತ್ತಿತ್ತು."

ತಾಯಿ ಮಗಳ ಪಾದ ಹಿಡಿಯಲು ಬಾಗಿದರು. ಮಗಳು ಹಿಡಿಯಗೊಡದೆ ಅಪ್ಪಿಕೊಂಡಳು, ಇಬ್ಬರೂ ಅತ್ತರು.

ಅತ್ತು ಮುಗಿದ ಮೇಲೆ ಶೈಲಶ್ರೀ ಮೊದಲು ತಂಡದ ಡಾಕ್ಟರಿಗೆ ಫೋನ್ ಮಾಡಿದಳು. ಬಾಗಿಲಿನ ಭಯದ ನಿಜ ಹೇಳಿದಳು. ಡಾಕ್ಟರು ಬೈದರು, ಚೆನ್ನಾಗಿಯೇ ಬೈದರು. ಕೊನೆಗೆ, "ಬಾ. ನಿನಗೆ ಗುಡಿಸಲಿನ ಪರೀಕ್ಷೆ ಮೊದಲ ದಿನವೇ. ಆಗದಿದ್ದರೆ ಅಲ್ಲಿಂದಲೇ ವಾಪಸ್, ಸರೀನಾ?" ಅಂದರು.

"ಸರಿ ರೀ."

ಮುಂದಿನ ಬಸ್ಸು ಬ್ಯಾಡಗಿಗೆ.

ಆಫೀಸಿನ ಬಾಗಿಲಲ್ಲಿ ಸೋಮಣ್ಣ ಮಾವ ಎದ್ದು ನಿಂತರು. ಕಣ್ಣೆತ್ತಿ ನೋಡುವ ಧೈರ್ಯ ಅವರಿಗಿರಲಿಲ್ಲ.

"ನಿಮ್ಮ ಜೋಡಿ ಆಮ್ಯಾಲ ಜಗಳಾಡ್ತೇನಿ ಮಾಮಾ, ಕುಂದ್ರಿ," ಅಂದು ಅವಳು ಒಳಗೆ ನಡೆದಳು.

ಫಕ್ಕೀರೇಶ ಮಷಿನ್ ಹತ್ತಿರ ಎಣ್ಣೆಗೈಯಲ್ಲಿ ನಿಂತಿದ್ದ. ಅವಳನ್ನು ಕಂಡು ನಟ್ಟು ಬಿಗಿಯುತ್ತಿದ್ದ ಪಾನಾ ಕೆಳಗೆ ಬೀಳಿಸಿದ.

"ನಿಮ್ಮ ಟವೆಲ್ ಕೊಡ್ರಿ."

"ಯಾಕ್ರಿ?"

"ಕೊಡ್ರಿ ಅಂದ್ರ ಕೊಡ್ರಿ!"

ಅವಳೇ ಅದನ್ನು ಚಿಲಕಕ್ಕೆ ಹಾಕಿದಳು. ಎರಡು ಸಲ ಜಾರಿತು, ಮೂರನೇ ಸಲ ನಿಂತಿತು.

"ನಾ ಒಳಗ ಹೋದ ಕೂಡ್ಲೇ ಲೈಟ್ ಆರಸ್ರಿ. ಬಾಗಲಾ ನಾನ ಎಳಕೋತೇನಿ. ನಾ ಬರೂತನಕ ತಗೀಬ್ಯಾಡ್ರಿ."

"ಶೈಲಾ... ಬ್ಯಾಡ." ಮೊದಲ ಸಲ ಅವನ ಬಾಯಿಂದ 'ರಿ' ಬಿಟ್ಟುಹೋಗಿತ್ತು.

ಅವಳು ಬಾಗಿಲು ಎಳೆದುಕೊಂಡಳು.

ಕತ್ತಲು.

ಭಯ ಬಂತು. ಬರದೇ ಬಿಡುತ್ತದೆಯೇ? ಎದೆಯ ಮೇಲೆ ಕೂತಿತು. ಮತ್ತೆ ಆ ಮಣ್ಣು, ಆ ಕಲ್ಲು. ಅವಳ ಕೈ ತಾನಾಗಿ ಬಾಗಿಲು ತಡಕಿತು. ಸಿಕ್ಕಿತು. ಕೊರೆಯುವ ಕಬ್ಬಿಣದ ಹಿಡಿಕೆ.

ಇದು ಅವತ್ತೂ ಇಲ್ಲೇ ಇತ್ತಲ್ಲ! ಅವತ್ತೂ ಒತ್ತಿದ್ದರೆ ತೆಗೆಯುತ್ತಿತ್ತಲ್ಲ!

ಒತ್ತಲಿಲ್ಲ. ಹಿಡಿದುಕೊಂಡು ಕೂತಳು. ಟವೆಲ್ ಐತಿ... ಟವೆಲ್ ಐತಿ... ಅವ ಹೊರಗ ಅದಾನ. ಅವಳು ಅದನ್ನೇ ಜಪಿಸಿದಳು. ಭಯ ಹೋಗಲಿಲ್ಲ. ತುಂಬಿದ ಬಸ್ಸಿನಲ್ಲಿ ಪಕ್ಕ ಕೂತ ಜಗಳಗಂಟಿಯ ಹಾಗೆ ಸ್ವಲ್ಪ ಸರಿದು ಜಾಗ ಕೊಟ್ಟಿತು, ಅಷ್ಟೇ. ಅವಳಿಗೆ ಅಷ್ಟು ಜಾಗ ಸಾಕಾಗಿತ್ತು.

ಎಷ್ಟೋ ಹೊತ್ತಿನ ಮೇಲೆ ತಾನೇ ಹಿಡಿಕೆ ಒತ್ತಿದಳು.

ಹೊರಗೆ ಫಕ್ಕೀರೇಶ ಚಿಲಕದ ಟವೆಲ್ಲನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ. ಮುಖವೆಲ್ಲ ಒದ್ದೆ.

"ಒಂದು ತಾಸಿನ ಮ್ಯಾಲಾತು! ನನ್ನ ಜೀವಾ ಹೋಗಿ ಬಂತು!... ಅಂಜಿಕಿ ಹೋತೇನು?"

"ಇಲ್ಲ. ಜೋಡಿ ಕುಂತಿತ್ತು."

"ನನಗೂ ಇಲ್ಲಿ ಜೋಡಿ ಇತ್ತು."

"ನಿನಗ ಎದರ ಅಂಜಿಕಿ?"

ಅವನು ಟವೆಲ್ ಬಿಡದೆ ಹೇಳಿದ. "ನೀ ಹೋಗ್ತಿ ಅಂತ ಒಂದು. ನಾ ಹೋಗಬ್ಯಾಡ ಅಂದದ್ದಕ್ಕ ನೀ ಎಲ್ಲಿ ನಿಂತಗಿಂತ ಬಿಡ್ತಿ ಅಂತ ಇನ್ನೊಂದು. ಎರಡನೇದು ದೊಡ್ಡದು, ಶೈಲಾ. ಇಷ್ಟಪಟ್ಟಾಕಿಗೆ ಬಾಗಲಾ ಹಾಕೋ ಮನಿಶಾ ಆಗಬಾರದು ನಾ."

ಅವಳ ಕಣ್ಣು ತುಂಬಿತು. "ಅಷ್ಟು ಬೈದೆ... ಒಂದು ಮಾತು ಹೇಳಬಾರದಾಗಿತ್ತೇನು?"

"ಚಾ ಕುಡಿಯೂ ಆಸೆಗೆ ಬಾಗಲಾ ಬಿಟ್ಟು ಹೋದಾಂವ ನಾನ. ತಪ್ಪು ನಂದೂ ಇತ್ತು."

ಅವಳು ಅವನ ಕೈಯಿಂದ ಟವೆಲ್ ಬಿಡಿಸಿ ಮಡಚಿ ಚೀಲಕ್ಕೆ ಹಾಕಿಕೊಂಡಳು.

"ಇದು ನನಗ. ಅಲ್ಲಿನ ಬಾಗಲಕ್ಕ."

"ಹಳೇದೈತಿ... ಖಾರದ ವಾಸನಿ ಹೋಗಂಗಿಲ್ಲ."

"ಅದಕ್ಕ ಬೇಕು."

ಅವನು ತನ್ನ ಡಬ್ಬಿಯ ಚೀಲದಿಂದ ಒಗೆದು ಮಡಚಿಟ್ಟಿದ್ದ ನೀಲಿ ದುಪಟ್ಟಾ ತೆಗೆದ. ಖಾಲಿ ಚಿಲಕಕ್ಕೆ ಹಾಕಿದ.

"ಇದೇನು? ನಾ ಹೊರಗ ಬಂದೇನಲ್ಲ!"

"ಅಲ್ಲಿಂದ ತಿರುಗಿ ಬರೂತನಕ ನೀ ಒಳಗನ. ಇದು ತೂಗಾಕತ್ತಿದ್ರ ಬಾಗಲಾ ಯಾರೂ ಮುಟ್ಟಂಗಿಲ್ಲ."

"ಹುಚ್ಚಾ! ಮೆಣಸಿನಕಾಯಿ ಕೆಡ್ತಾವು!"

"ಹೌದಲ್ಲ..." ಅವನು ತಲೆ ಕೆರೆದುಕೊಂಡ. ಆಮೇಲೆ ಅವಳ ಮುಖ ನೋಡಿ, ಉಸಿರು ಬಿಗಿಹಿಡಿದು ಹೇಳಿದ. "ಹಂಗಾದ್ರ ನಮ್ಮನಿ ಬಾಗಲಕ್ಕ ಹಾಕ್ತೇನಿ."

"ನಮ್ಮನಿ ಅಂದ್ರ?"

"ನಮ್ಮಿಬ್ಬರದು."

ಶೈಲಶ್ರೀಗೆ ಭಯ ಇನ್ನೂ ಇತ್ತು, ಹಿಮದ್ದು, ಕತ್ತಲಿನದು, ಮೊದಲ ದಿನದ ಪರೀಕ್ಷೆಯದು. ಆದರೂ ನಕ್ಕಳು.

"ಹಾಕು. ಆದ್ರ ತಗಿಯಾಕಿ ನಾನ. ನೀ ಮುಟ್ಟಬ್ಯಾಡ."

"ಮುಟ್ಟಂಗಿಲ್ಲ," ಅಂದ ಫಕ್ಕೀರೇಶ. "ನೀ ಲಗೂ ಬಾ."